ಬೂಬಣ್ಣನ ಕೇಪಿನ ಕೋವಿ

ಬೂಬಣ್ಣನ ಕೋವಿ ನನ್ನ ಹೆಬ್ಬೆರಳಿಗೆ ಬಾಯಿ ಬಿಟ್ಟಿತು.

ತುದಿಯ ಬಾಯಿಯಲ್ಲ. ಅದು ಎಲ್ಲ ಕೋವಿಗೂ ಇರುವಂಥದ್ದು. ಇದು ನಳಿಗೆಯ ಹಿಂಬದಿಯಲ್ಲಿ, ಬೆನ್ನ ಮೇಲೆ, ಇರಲೇಬಾರದ ಜಾಗದಲ್ಲಿ ಇತ್ತು. ಗುಂಡು ಸಿಡಿಸುವ ಕುದುರೆಯನ್ನು ಅರ್ಧ ಹಿಂದಕ್ಕೆಳೆದು, ಎಡಬದಿಯ ಸಣ್ಣ ಉಬ್ಬಿಗೆ ಬೆರಳು ಕೊಟ್ಟು ಎತ್ತಿದೆ, ಅಷ್ಟೇ. ಗಟ್ಟಿ ಕಬ್ಬಿಣವೆಂದು ಎಲ್ಲರೂ ನಂಬಿದ್ದ ತುಂಡು ಡಬ್ಬದ ಮುಚ್ಚಳದ ಹಾಗೆ ಬಲಕ್ಕೆ ಮಗುಚಿಕೊಂಡಿತು.

"ಮುರಿದು ಹಾಕಿದೆಯಾ ಮಗಾ?" ಎಂದರು ಪಕ್ಕದ ಮನೆಯ ಬೂಬಣ್ಣ.

ಮುರಿದಿರಲಿಲ್ಲ. ಮುರಿದೇ ಹೋಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಬೋಳಾರದ ಹೊಳೆಬದಿಯ ಗೋದಾಮಿನಲ್ಲಿ ಹಳೆಯ ಸಾಮಾನಿನ ವ್ಯಾಪಾರಿ ಶೈಲೇಶನನ್ನು ಕೊಂದ ಕೋವಿಯನ್ನು ನಾನು ತಿಂಗಳುಗಟ್ಟಲೆ ಊರಿಡೀ ಹುಡುಕಿದ್ದೆ. ಅದು ಜೆಪ್ಪುವಿನ ನಮ್ಮ ಸಾಲುಮನೆಯಲ್ಲಿ, ನನ್ನ ಮಂಚ ತಾಗಿಕೊಂಡಿರುವ ಗೋಡೆಯ ಆಚೆ ಬದಿಯಲ್ಲಿ, ಮೊಳೆಗೆ ನೇತಾಡುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಕುಶಲಾ ಡಿಟೆಕ್ಟಿವ್ ಸರ್ವಿಸಸ್ ಎಂದು ಬೋರ್ಡು ಹಾಕಿಕೊಂಡವಳಿಗೆ ನಾಚಿಕೆಯಾಗಬೇಕು. ಆಯಿತು ಕೂಡ.

ಗೋಡೆಯ ಈಚೆ, ನನ್ನ ಜಗಲಿಯಲ್ಲಿ, ಮುಮ್ತಾಝ್ ಕೂತಿದ್ದರು. ವಾರಕ್ಕೊಮ್ಮೆ ಬರುತ್ತಾರೆ. ಬಂದವರು ಹೆಚ್ಚು ಮಾತಾಡುವುದಿಲ್ಲ. ಟಿಫಿನ್ ಡಬ್ಬದಲ್ಲಿ ನನಗೆ ಏನಾದರೂ ತಂದಿರುತ್ತಾರೆ, ಕೊಟ್ಟು, ಕೇಸು ಎಲ್ಲಿಗೆ ಬಂತು ಎಂದು ಕೇಳಿ ಹೋಗುತ್ತಾರೆ. ಜೈಲಿನಲ್ಲಿರುವುದು ಅವರ ಒಬ್ಬನೇ ಮಗ ಅಫ್ರೋಝ್.

ಅಫ್ರೋಝ್ ಬಂದರಿನಲ್ಲಿ ಗುಜರಿ ಅಂಗಡಿ ಇಟ್ಟವನು. ಒಂದು ಹಳೆಯ ಹಿತ್ತಾಳೆ ದೀಪದ ವಿಷಯದಲ್ಲಿ ಶೈಲೇಶನ ಜೊತೆ ರಸ್ತೆಯಲ್ಲೇ ಜಗಳವಾಡಿದ್ದ. ಹೋದ ಚುನಾವಣೆಯ ಹಿಂದಿನ ದಿನ ಸಂಜೆ ಶೈಲೇಶ್ ಗುಂಡು ತಾಗಿ ಸತ್ತ. ಕೋವಿ ಸಿಗಲಿಲ್ಲ. ಗುಜರಿಯವನ ಹತ್ತಿರ ಪೈಪು ಉಂಟು, ಕಬ್ಬಿಣ ಉಂಟು, ಅವನೇ ನಾಡಕೋವಿ ಮಾಡಿ ಹೊಡೆದು ನೇತ್ರಾವತಿಗೆ ಎಸೆದಿದ್ದಾನೆ ಎಂದು ಪೊಲೀಸರು ಕಥೆ ಕಟ್ಟಿದರು. ಹೊಳೆಯನ್ನು ಸಾಕ್ಷಿಗೆ ಕರೆಯಲಿಕ್ಕಾಗುತ್ತದಾ? ಕಥೆ ನಿಂತಿತು, ಹುಡುಗ ಒಳಗೆ ಹೋದ. ಸೋಮವಾರದಿಂದ ಸಾಕ್ಷಿಗಳ ವಿಚಾರಣೆ.

ನನ್ನ ಹತ್ತಿರ ಇದ್ದದ್ದು ಒಂದೇ ವಸ್ತು. ಗೋದಾಮಿನ ಅಟ್ಟದ ಹಲಗೆಗಳ ಸಂದಿನಲ್ಲಿ ಸಿಕ್ಕಿದ, ಹೆಬ್ಬೆರಳಿನಷ್ಟು ದಪ್ಪದ, ಗುಂಡು ಹಾರಿ ಖಾಲಿಯಾದ ಹಿತ್ತಾಳೆಯ ತೋಟೆ.

ಹಂಪನಕಟ್ಟೆಯಲ್ಲಿ ಕೋವಿ ಅಂಗಡಿ ಇಟ್ಟಿರುವ ಆಲ್ವಿನ್ ಅದನ್ನು ಅಳೆದು ನೋಡಿ, ಇದು ಸ್ನೈಡರ್ ಕೋವಿಯದ್ದು ಎಂದಿದ್ದರು. ಆಲ್ವಿನ್‌ಗೆ ಚರಿತ್ರೆಯ ಹುಚ್ಚು. ಕೇಳುವವರು ಸಿಕ್ಕಿದರೆ ಅಂಗಡಿ ಮುಚ್ಚುವ ಹೊತ್ತು ಮರೆಯುತ್ತಾರೆ. ನನಗೂ ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಕೂತು ಕೇಳಿದೆ.

ಬ್ರಿಟಿಷರ ಹತ್ತಿರ ಲಕ್ಷಗಟ್ಟಲೆ ಕೇಪಿನ ಕೋವಿಗಳಿದ್ದವಂತೆ. ತುದಿಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಲ್ಲಿ ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವಂಥವು. ಅಷ್ಟೆಲ್ಲ ಮಾಡಲು ಸಿಪಾಯಿ ಎದ್ದು ನಿಲ್ಲಬೇಕು. ಎದ್ದು ನಿಂತವನು ಸಾಯುತ್ತಾನೆ. ಆಚೆ ದೇಶದವರು ಹಿಂದಿನಿಂದ ತೋಟೆ ತುಂಬುವ ಕೋವಿ ಮಾಡಿಕೊಂಡಾಗ ಇವರಿಗೆ ಮಂಡೆ ಬೆಚ್ಚ ಆಯಿತು. ಇದ್ದ ಕೋವಿಗಳನ್ನು ಬಿಸಾಡುವುದು ಹೇಗೆ? ಆಗ ಸ್ನೈಡರ್ ಎಂಬ ಅಮೆರಿಕದವನು ದಾರಿ ತೋರಿಸಿದ. ನಳಿಗೆಯ ಬಾಲ ಕತ್ತರಿಸಿ, ಅಲ್ಲೊಂದು ಮುಚ್ಚಳ ಕೂರಿಸಿ. ಮರ ಅದೇ ಇರಲಿ, ಕುದುರೆ ಅದೇ ಇರಲಿ. ಹಳೆಯ ಕೋವಿ ಹೊರಗಿಂದ ಹಾಗೆಯೇ ಉಳಿದು ಒಳಗಿಂದ ಹೊಸದಾಯಿತು. ಒಂದು ಸಲಕ್ಕೆ ಒಂದೇ ತೋಟೆ, ಆದರೆ ಹಿಂದಿನಿಂದ.

ಆ ಸ್ನೈಡರ್ ಮಾತ್ರ ಲಂಡನ್ನಿನ ಕಚೇರಿಗಳ ಬಾಗಿಲು ಕಾದೂ ಕಾದೂ, ಕೈಗೆ ಏನೂ ದಕ್ಕದೆ, ಕೋವಿ ಹೊರಬಂದ ವರ್ಷವೇ ತೀರಿಹೋದನಂತೆ. ಹೆಸರು ಉಳಿಯಿತು, ಅವನು ಉಳಿಯಲಿಲ್ಲ. ಅವತ್ತು ಮನೆಗೆ ಬಂದು ಒಬ್ಬಳೇ ಗಂಜಿ ಉಣ್ಣುವಾಗ, ಕಂಡು ಕೇಳದ ಆ ಮನುಷ್ಯನ ಬಗ್ಗೆ ಸಂಕಟವಾಯಿತು. ಒಬ್ಬರೇ ಇರುವವರಿಗೆ ಇದೊಂದು ರೋಗ. ಯಾರದ್ದೋ ದುಃಖ ತಂದು ಬಡಿಸಿಕೊಳ್ಳುತ್ತೇವೆ.

ನಮ್ಮ ದೇಶಕ್ಕೆ ಅದು ಬಂದ ಬಗೆಯನ್ನೂ ಆಲ್ವಿನ್ ಹೇಳಿದ್ದರು. ಹದಿನೆಂಟುನೂರ ಐವತ್ತೇಳರ ದಂಗೆಯ ನಂತರ ನಮ್ಮ ಸಿಪಾಯಿಗಳ ಕೈಗೆ ಒಳ್ಳೆಯ ಕೋವಿ ಕೊಡಲು ಬಿಳಿಯರಿಗೆ ಹೆದರಿಕೆ. ಅವರು ಸ್ನೈಡರ್ ಹಿಡಿದಾಗ ನಮ್ಮವರಿಗೆ ಕೇಪು. ಅವರು ಅದಕ್ಕಿಂತ ಹೊಸದನ್ನು ಹಿಡಿದ ಮೇಲೆ ನಮ್ಮವರಿಗೆ ಸ್ನೈಡರ್. ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಬಡಿಸಿದ ಹಾಗೆ. ಅಲ್ಲಿಂದ ಪೊಲೀಸರಿಗೆ, ಕಾವಲುಗಾರರಿಗೆ, ಆಮೇಲೆ ಹಂದಿ ಬೇಟೆಯವರಿಗೆ. ಕೊನೆಗೆ ತೋಟೆ ಸಿಗುವುದು ನಿಂತು ಗೋಡೆಗೆ ಸೇರಿದವು.

"ಅದು ಕಣ್ಣ ಮುಂದೆ ಇದ್ದರೂ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ನೋಡಿದವರೆಲ್ಲ ಕೇಪಿನ ಕೋವಿ ಅಂತಲೇ ಹೇಳ್ತಾರೆ" ಎಂದಿದ್ದರು ಆಲ್ವಿನ್.

ಹೇಳುತ್ತಿದ್ದರು. ಬೂಬಣ್ಣನ ಅಜ್ಜ ಹೇಳಿದ್ದರು, ಅಪ್ಪ ಹೇಳಿದ್ದರು, ಬೂಬಣ್ಣ ಹೇಳುತ್ತಿದ್ದರು, ಲೈಸೆನ್ಸು ಬರೆದ ಗುಮಾಸ್ತನೂ ಹಾಗೆಯೇ ಬರೆದಿದ್ದ. ಕೋಳಿಯ ಕೊಕ್ಕಿನಂಥ ಕುದುರೆ ಹೊರಗೆ ಕಾಣುತ್ತದೆ, ನಳಿಗೆಯ ಕೆಳಗೆ ಸಲಾಕೆ ಉಂಟು, ಮತ್ತೆಂತ ಬೇಕು? ಬೂಬಣ್ಣ ಹುಟ್ಟುವ ಮೊದಲೇ ಆ ಮುಚ್ಚಳ ತುಕ್ಕು ಹಿಡಿದು ನಳಿಗೆಗೆ ಬೆಸೆದುಹೋಗಿತ್ತು. ಅವರು ತಿಂಗಳಿಗೊಮ್ಮೆ ತೆಂಗಿನೆಣ್ಣೆ ಹಚ್ಚಿ ಮೇಲಿಂದ ಉಜ್ಜುತ್ತಿದ್ದರು. ಒಂದು ದಿನವೂ ಹೊಡೆದವರಲ್ಲ. ಬೆಳೆ ರಕ್ಷಣೆಯ ಲೈಸೆನ್ಸು. ಕಾಯಬೇಕಾದ ಗದ್ದೆಯ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ. ನವೀಕರಣದ ಸಮಯದಲ್ಲಿ ಎಂತ ಬೆಳೆ ಎಂದು ಕೇಳಿದರೆ, ಸಾಲುಮನೆಯ ಹಿಂದಿನ ತೆಂಗಿನಮರಗಳನ್ನು ತೋರಿಸಿ ತೆಂಗು ಎನ್ನುತ್ತಿದ್ದರು.

ಆ ದಿನ ಮಧ್ಯಾಹ್ನ ಅವರು ನನ್ನನ್ನು ಕರೆದದ್ದು ಕೋವಿಗೆ ಬಟ್ಟೆ ಸುತ್ತಿಕೊಡಲು. ಪಾಲಿಕೆಯ ಚುನಾವಣೆ ಘೋಷಣೆಯಾಗಿತ್ತು. ಚುನಾವಣೆ ಬಂದರೆ ಲೈಸೆನ್ಸು ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಯ್ದು ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆ ವಾಪಸು. ಪ್ರತಿ ಸಲ ಅವರೇ ಸುತ್ತಿಕೊಂಡು ಹೋಗುತ್ತಿದ್ದರು. ಈ ಸಲ ಭುಜ ನೋವು. ಹಾಗಾಗಿ ನಾನು ಮೊದಲ ಬಾರಿ ಅದನ್ನು ಕೈಯಲ್ಲಿ ಹಿಡಿದೆ, ನಳಿಗೆಯ ಹಿಂದಿನ ಗಂಟು ನೋಡಿದೆ, ಆಲ್ವಿನ್ ಬಿಡಿಸಿ ತೋರಿಸಿದ ಚಿತ್ರ ನೆನಪಾಯಿತು.

ತೆರೆದ ಬಾಯಿಗೆ ಟಾರ್ಚು ಹಿಡಿದೆ. ತಿರುಗುವ ಕೀಲಿಗೆ ಹಚ್ಚಿದ್ದು ತೆಂಗಿನೆಣ್ಣೆಯಲ್ಲ, ಕಪ್ಪಗಿನ ಗ್ರೀಸು. ಒಳಗೆ ಮದ್ದಿನ ಮಸಿ ಕರಟಿ ಹೊಪ್ಪಳೆ ಕಟ್ಟಿತ್ತು. ಕೆಳಗೆ ಕಿತ್ತಳೆ ಬಣ್ಣದ ತುಕ್ಕು, ಹೊಸದು. ಕರಿಮದ್ದು ಹೊಡೆದು ತೊಳೆಯದೆ ಬಿಟ್ಟರೆ ನಮ್ಮ ಊರಿನ ಉಪ್ಪುಗಾಳಿಗೆ ಹೀಗೇ ಆಗುವುದು. ಕಿಸೆಯಲ್ಲಿದ್ದ ಖಾಲಿ ತೋಟೆಯನ್ನು ಇಟ್ಟು ನೋಡಿದೆ. ಸಲೀಸಾಗಿ ಕೂತಿತು.

ಅದನ್ನು ಹೊರಗೆ ತೆಗೆಯಲು ಮುಚ್ಚಳವನ್ನು ಹಿಂದಕ್ಕೆಳೆದು, ಇಡೀ ಕೋವಿಯನ್ನು ಬುಡಮೇಲು ಮಾಡಬೇಕು. ಆಗ ತೋಟೆ ಹೊಡೆದವನ ಕಾಲ ಬುಡಕ್ಕೆ ಬೀಳುತ್ತದೆ. ಗೋದಾಮಿನ ಅಟ್ಟದಲ್ಲಿ ಬಿದ್ದದ್ದೂ ಹಾಗೆಯೇ, ಸಂದಿನೊಳಗೆ.

ಕೇಳಲು ಮನಸ್ಸು ಬರಲಿಲ್ಲ. ಯಾಕೆ ಸುಳ್ಳು ಹೇಳಲಿ. ಈ ಊರಿನಲ್ಲಿ ನನ್ನನ್ನು ದಿನಾ ಊಟ ಆಯ್ತಾ ಎಂದು ಕೇಳುವ ಪ್ರಾಣಿ ಒಂದೇ, ಅದು ಬೂಬಣ್ಣ. ಗಂಡ ಬಿಟ್ಟುಹೋದ ವರ್ಷ ನಾನು ಜ್ವರದಲ್ಲಿ ಬಿದ್ದಾಗ ಬಾಗಿಲಲ್ಲಿ ಗಂಜಿ ಇಟ್ಟು ಹೋಗುತ್ತಿದ್ದವರು. ಶೈಲೇಶ್ ಅವರ ಮನೆಗೆ ಬರುತ್ತಿದ್ದದ್ದೂ ನನಗೆ ಗೊತ್ತು. ರೆಸಾರ್ಟಿನ ಗೋಡೆಗೆ ಚಂದ ಆಗುತ್ತದೆ, ಕೋವಿ ಕೊಡಿ ಎಂದು ಪೀಡಿಸುತ್ತಿದ್ದ. ಅವರು ಕೊಡಲಿಲ್ಲ.

ಬಾಗಿಲು ಅಡ್ಡ ಮಾಡಿ ಬಂದು ನೇರ ಕೇಳಿದೆ. "ಬೂಬಣ್ಣ, ಶೈಲೇಶನನ್ನು ನೀವು ಹೊಡೆದದ್ದಾ?"

ಅವರು ನನ್ನನ್ನು ನೋಡಿದ ನೋಟಕ್ಕೆ ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಸಿಟ್ಟು ಬರಲಿಲ್ಲ ಅವರಿಗೆ. ಮಂಚದಲ್ಲಿ ಕೂತರು, ಲುಂಗಿ ಸರಿ ಮಾಡಿಕೊಂಡರು.

"ಅವ ಸತ್ತದ್ದು ಓಟಿನ ಹಿಂದಿನ ದಿನ ಅಲ್ವಾ ಮಾರಾಯ್ತಿ. ಓಟಿನ ಸಮಯ ಕೋವಿ ಎಲ್ಲಿರ್ತದೆ?"

ಚುನಾವಣೆಗೆಂದೇ ಬಟ್ಟೆ ಸುತ್ತಲು ಬಂದವಳು, ಹೋದ ಚುನಾವಣೆಯನ್ನು ಮರೆತಿದ್ದೆ. ಶೈಲೇಶ್ ಸತ್ತ ಸಂಜೆ ಈ ಕೋವಿ ಪೊಲೀಸ್ ಠಾಣೆಯ ಕೋಣೆಯಲ್ಲಿ, ಬೀಗದೊಳಗೆ, ಸರಕಾರದ ವಶದಲ್ಲಿ ಇತ್ತು. ಮತಗಟ್ಟೆ ಬಂದೋಬಸ್ತಿಗೆ ಎಲ್ಲರೂ ಹೊರಗೆ ಹೋದ ದಿನ.

"ಯಾರ ವಶದಲ್ಲಿತ್ತು ಬೂಬಣ್ಣ?"

ಹೆಡ್ ಕಾನ್‌ಸ್ಟೆಬಲ್ ಹಿತೇಶ್ ಎಂದರು. ಕೋವಿ ತೆಗೆದುಕೊಳ್ಳುವುದೂ ಅವನೇ, ಕೊಡುವುದೂ ಅವನೇ, ಬೀಗದ ಕೈಯೂ ಅವನದ್ದೇ. ಒಳ್ಳೆಯ ಹುಡುಗ, ಹೋದಾಗಲೆಲ್ಲ ಕುರ್ಚಿ ಕೊಟ್ಟು ಚಾ ತರಿಸುತ್ತಾನೆ ಎಂದೂ ಹೇಳಿದರು. ಒಂದೇ ಒಂದು ಸಲ ಅವನ ಮೇಲೆ ಬೇಜಾರಾಗಿತ್ತಂತೆ. ಹೋದ ಚುನಾವಣೆಯ ನಂತರ ವಾಪಸು ತರಲು ಹೋದಾಗ, ಅಜ್ಜೆರೆ, ನಿಮ್ಮ ತೋಟೆ ಕೋವಿ ತಗೊಳ್ಳಿ ಎಂದನಂತೆ. ಇಷ್ಟು ವರ್ಷ ಕೋವಿ ಕಾದ ಠಾಣೆಯವರಿಗೆ ಕೇಪಿಗೂ ತೋಟೆಗೂ ವ್ಯತ್ಯಾಸ ಗೊತ್ತಿಲ್ಲವಲ್ಲ ಎಂದು ಬೂಬಣ್ಣ ಅಲ್ಲೇ ತಿದ್ದಿದರು. ಹಿತೇಶ್ ನಕ್ಕುಬಿಟ್ಟನಂತೆ.

ನನಗೆ ನಗು ಬರಲಿಲ್ಲ. ಜಗತ್ತಿನಲ್ಲಿ ಆ ಕೋವಿಯನ್ನು ತೋಟೆ ಕೋವಿ ಎಂದು ಕರೆಯಬಲ್ಲವನು ಅದರ ಮುಚ್ಚಳ ಬಿಡಿಸಿದವನು ಮಾತ್ರ. ಶೈಲೇಶನ ಸಾಮಾನಿನಲ್ಲಿ ತಗಡಿನ ಡಬ್ಬದ ತುಂಬ ಹಳೆಯ ತೋಟೆಗಳಿದ್ದವು ಎಂದು ಅವನ ತಂಗಿ ನನಗೆ ಹೇಳಿದ್ದಳು. ಕೋವಿ ಬೇಕಿತ್ತು ಅವನಿಗೆ, ಬೂಬಣ್ಣ ಕೊಡಲಿಲ್ಲ. ಕೊಡಬಲ್ಲ ಇನ್ನೊಬ್ಬನ, ಹಿತೇಶನ, ಹತ್ತಿರ ಹೋದ. ತೋಟೆ ಸತ್ತವನದ್ದು, ಕೋವಿ ತಂದವನದ್ದು. ವ್ಯಾಪಾರ ಎಲ್ಲಿ ಕೆಟ್ಟಿತೋ, ಅಥವಾ ಇಷ್ಟು ಹಳೆಯ ತೋಟೆ ಎಲ್ಲಿ ಹೊಡೆಯುತ್ತದೆ ಎಂದು ತಮಾಷೆಗೆ ಕುದುರೆ ಬಿಟ್ಟನೋ, ಅದು ಗೊತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದು ಮಾತ್ರ ಗೊತ್ತು.

ಆದರೆ ಒಂದು ಮುಳ್ಳು ಗಂಟಲಲ್ಲಿ ಉಳಿದಿತ್ತು. ತಿಂಗಳಿಗೊಮ್ಮೆ ಉಜ್ಜುವವರು. ವಾಪಸು ಬಂದ ಮೇಲೆ ಬಟ್ಟೆಗೆ ಮಸಿ ತಾಗಲಿಲ್ಲವೇ ಎಂದು ಕೇಳಿದೆ.

ಬೂಬಣ್ಣ ಅಂಗೈಗಳನ್ನು ಮಂಡಿಗೆ ಒರೆಸಿಕೊಂಡರು. ಹೊರಗೆ ಮೀನಿನ ಟೆಂಪೋ ಹಾರ್ನ್ ಮಾಡಿಕೊಂಡು ಹೋಯಿತು.

"ತಾಗಿತ್ತು" ಎಂದರು. "ವಾಸನೆಯೂ ಇತ್ತು. ಯಾರೋ ಹೊಡೆದಿದ್ದಾರೆ ಅಂತ ಅವತ್ತೇ ಗೊತ್ತಾಯಿತು."

"ಶೈಲೇಶನಿಗೆ ಅಂತ?"

"ದಿನ ಲೆಕ್ಕ ಹಾಕಿ ನೋಡ್ಲಿಕ್ಕೆ ಹೊರಟೆ. ಅರ್ಧದಲ್ಲಿ ಬಿಟ್ಟೆ ಮಗಾ. ಹೆದರಿಕೆ ಆಯಿತು."

ನನಗೆ ಮೈಯೆಲ್ಲ ಉರಿಯಿತು. ಗೋಡೆಯಾಚೆ ಒಬ್ಬಳು ತಾಯಿ ಕೂತಿದ್ದಾಳೆ, ಅವಳ ಮಗ ಜೈಲಿನಲ್ಲಿ ಕೊಳೆಯುತ್ತಿದ್ದಾನೆ, ನೀವು ಅರ್ಧದಲ್ಲಿ ಬಿಟ್ಟಿರಾ ಎಂದು ಕೇಳಿದೆ. ದನಿ ಏರದಂತೆ ಕೇಳಿದೆ, ಯಾಕೆಂದರೆ ನಮ್ಮ ಗೋಡೆ ತೆಳು. ಮುಮ್ತಾಝ್ ಬಂದಾಗಲೆಲ್ಲ ಬೂಬಣ್ಣ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ಅಪರಿಚಿತ ಹೆಂಗಸು ಎಂದು ನಾಚಿಕೆ ಅಂದುಕೊಂಡಿದ್ದೆ.

ಅವರು ತಲೆ ಎತ್ತಲಿಲ್ಲ. ಹಂಚಿನ ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯಿತು ಎಂದು ಶುರು ಮಾಡಿದರು. ಜೊತೆ ದುಡಿದವರೆಲ್ಲ ಹೋದರು. ತಂಗಿ ಕಿನ್ನಿ ಇದ್ದಳು, ಅವಳೂ ಹೋದಳು. ಮದುವೆಗೆ ಕರೆಯುವವರಿಲ್ಲ, ಸತ್ತವರ ಬೊಜ್ಜದ ಊಟಕ್ಕೆ ಕರೆಯುವವರಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಬೆರಳಿನ ಗುರುತೂ ಸಿಗುವುದಿಲ್ಲ. ಚುನಾವಣೆ ಬಂದರೆ ಮಾತ್ರ ಠಾಣೆಯಿಂದ ಫೋನು ಬರುತ್ತದೆ, ಬೂಬ ಅವರಾ, ಕೋವಿ ತನ್ನಿ ಎಂದು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೋವಿ ಹೆಗಲಿಗೇರಿಸಿ ಜೆಪ್ಪುವಿನ ರಸ್ತೆಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಾರೆ.

"ಬಾಯಿ ಬಿಟ್ಟರೆ ಕೋವಿ ಹೋಗ್ತದೆ. ಕೋವಿ ಹೋದರೆ ನನ್ನನ್ನು ಮತ್ತೆ ಕರೆಯುವವರು ಯಾರು?"

ಅಂಥ ಫೋನಿಗಾಗಿ ನಾನೂ ಕಾದಿದ್ದೇನೆ. ವರ ಎಂಥವನೆಂದು ಮದುವೆ ವಿಚಾರಣೆಗೆ ಫೋನು ಮಾಡಿದ ಹುಡುಗಿಯರ ತಾಯಂದಿರ ಜೊತೆ ಕೆಲಸ ಮುಗಿದ ಮೇಲೂ ಮಾತು ಎಳೆದಿದ್ದೇನೆ.

ಆಗಬೇಕಾದ ಕೆಲಸ ಹೇಳಿದೆ. ಈ ಕೋವಿ ಹೀಗೆಯೇ, ಮಸಿ ಸಮೇತ, ಸೋಮವಾರ ವಕೀಲರ ಮೂಲಕ ಕೋರ್ಟಿನ ಮುಂದೆ ಹೋಗಬೇಕು. ಕೋರ್ಟು ಲ್ಯಾಬಿಗೆ ಕಳಿಸಬೇಕು, ಶೈಲೇಶನ ಮೈಯಿಂದ ತೆಗೆದ ಸೀಸದ ಜೊತೆ ಹೋಲಿಸಬೇಕು. ಅದು ನಡೆದರೆ ಅಫ್ರೋಝ್ ಹೊರಗೆ ಬರುತ್ತಾನೆ. ಇವತ್ತು ಠಾಣೆಗೆ ಠೇವಣಿ ಹೋದರೆ ಹಿತೇಶ್ ಒಂದು ಪಾತ್ರೆ ಬಿಸಿನೀರು ಸುರಿದು ನಳಿಗೆಯೊಳಗೆ ಅರ ಆಡಿಸಿದರೆ ಸಾಕು, ಮಸಿಯೂ ಹೋಗುತ್ತದೆ, ಹೋಲಿಸುವ ಗುರುತೂ ಹೋಗುತ್ತದೆ. ಆದ್ದರಿಂದ ಇವತ್ತು ಕೊಡುವುದು ಬೇಡ.

ಕೊನೆಯ ದಿನ ಇವತ್ತೇ, ಕೊಡದಿದ್ದರೆ ಅದೇ ಒಂದು ಕೇಸಾಗುತ್ತದೆ ಎಂದರು ಬೂಬಣ್ಣ. ಆಗಲಿ ಎಂದೆ. ಅವರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ನಾನು ಖಾಲಿ ತೋಟೆ ತೆಗೆದು ಕಿಸೆಗೆ ಹಾಕಿಕೊಂಡು, ಮುಚ್ಚಳ ಮುಚ್ಚಿ, ಹಳೆಯ ಬೆಡ್‌ಶೀಟಿನಲ್ಲಿ ಕೋವಿಯನ್ನು ಸುತ್ತಿದೆ.

ಗಂಟು ಹಾಕಿ ಮುಗಿಯುವ ಮುಂಚೆ ಹೊರಗೆ ಜೀಪು ನಿಂತಿತು.

"ಅಜ್ಜೆರೆ, ಇದ್ದೀರಾ ಒಳಗೆ?"

ಹಿತೇಶ್. ನಲವತ್ತರ ಆಸುಪಾಸು, ತೆಳ್ಳಗೆ, ಮಾತು ಬಹಳ ಮೃದು. ಬೂಟು ಕಳಚಿ ಒಳಗೆ ಬಂದ. ನಿಮಗೆ ಭುಜ ನೋವು ಎಂದು ಗೊತ್ತಾಯಿತು, ಬಿಸಿಲಿಗೆ ನೀವ್ಯಾಕೆ ಬರುವುದು, ನಾನೇ ಒಯ್ಯುತ್ತೇನೆ ಎಂದ. ಇಷ್ಟು ವರ್ಷಗಳಲ್ಲಿ ಠಾಣೆಯವರೊಬ್ಬರು ಬೂಬಣ್ಣನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಆ ಮುದುಕನ ಮುಖ ಅರಳಿತು. ಎಲ್ಲ ಗೊತ್ತಿದ್ದೂ ಅರಳಿತು. ನನಗೆ ಅಳು ಬಂತು.

"ಕುಶಲಕ್ಕ, ನೀವೂ ಇಲ್ಲೇ ಇದ್ದೀರಾ" ಎಂದ ನನ್ನ ಕಡೆ ತಿರುಗಿ. "ಆಲ್ವಿನ್ ಅವರ ಅಂಗಡಿಗೆ ಹೋಗಿದ್ರಂತೆ. ಕೋವಿ ತಗೊಳ್ಳುವ ಅಂದಾಜು ಉಂಟಾ?"

ನಾನು ತೋಟೆ ಅಳೆಸಿದ್ದು ಅವನ ಕಿವಿಗೆ ಬಿದ್ದಿತ್ತು, ಭುಜ ನೋವಿನ ನೆವ ಯಾಕೆ ಬೇಕಾಯಿತು ಎಂದು ಅರ್ಥವಾಯಿತು. ಮದುವೆ ವಿಚಾರಣೆಯೊಂದಕ್ಕೆ ಹೋಗಿದ್ದೆ ಎಂದೆ. ಅವನು ನಂಬಿದಂತೆ ನಕ್ಕು, ನನ್ನ ಮೊಣಕಾಲ ಬದಿಯಲ್ಲಿದ್ದ ಗಂಟನ್ನು ಎತ್ತಿಕೊಂಡು ಕಂಕುಳಿಗೆ ಸಿಕ್ಕಿಸಿದ. ತಡೆಯಲು ನನ್ನ ಹತ್ತಿರ ಯಾವ ಅಧಿಕಾರವಿತ್ತು? ಕಾನೂನು ಅವನ ಕಡೆ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜೀಪು ಕಂಡು ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ನನ್ನ ಜಗಲಿಯಲ್ಲಿ ಮುಮ್ತಾಝ್ ಎದ್ದು ನಿಂತರು. ಖಾಕಿ ಕಂಡರೆ ಎದ್ದು ನಿಲ್ಲುವುದು ಅವರಿಗೆ ಅಭ್ಯಾಸವಾಗಿ ಹೋಗಿದೆ. ಹಿಂದಿನಿಂದ ಬಂದ ಬೂಬಣ್ಣ ಅವರನ್ನು ನೋಡಿದರು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ.

"ಹಿತೇಶ್ ಸಾರ್" ಎಂದು ಕರೆದರು. ಇಡೀ ಸಾಲಿಗೆ ಕೇಳುವಷ್ಟು ಜೋರಾಗಿ. "ಅದನ್ನು ಠೇವಣಿ ಅಂತ ಬರೀಬೇಡಿ. ಕೊಲೆಯ ಕೋವಿ ಅಂತ ಬರೀರಿ. ಶೈಲೇಶನನ್ನು ಹೊಡೆದದ್ದು ನಾನು. ಆ ಬ್ಯಾರಿ ಹುಡುಗ ಅಲ್ಲ."



ಹಿತೇಶ್ ತಿರುಗಿ ನಿಂತ. "ಎಂತ ಮಾತಾಡ್ತೀರಿ ಅಜ್ಜೆರೆ. ಆಗ ಕೋವಿ ಠಾಣೆಯಲ್ಲಿ ಇತ್ತಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಕೇಳಿಸಿತು. ಅಷ್ಟು ಜನರ ಮುಂದೆ, ತನ್ನ ಬಾಯಿಯಿಂದಲೇ. ಇದೇ ಕೊಲೆಯ ಕೋವಿಯಾದರೆ ಆಗ ಅದು ಅವನ ಬೀಗದೊಳಗಿತ್ತು. ಅವನ ಕುತ್ತಿಗೆಯ ನರ ಎದ್ದು ಕಂಡಿತು. ಸಿಕ್ಕಿಬಿದ್ದ ಎಂದುಕೊಂಡೆ.

ಆದರೆ ಬೂಬಣ್ಣನ ಮಾತು ಮುಗಿದಿರಲಿಲ್ಲ.

"ಇತ್ತು ಸಾರ್. ನಡುವೆ ಒಂದು ದಿನ ಮನೆಯ ತಂಬಿಲಕ್ಕೆ, ದೈವದ ಮಂಚದ ಬದಿಯಲ್ಲಿ ಇಡ್ಲಿಕ್ಕೆ ಅಂತ ಕೈ ಮುಗಿದು ಕೇಳಿದ್ದೆ. ನೀವು ಬರೆಯದೆ ಕೊಟ್ಟಿದ್ದಿರಿ. ನಿಮಗೆ ಮರೆತು ಹೋಯಿತಾ?"

ತಂಬಿಲವೆಂದರೆ ಕುಟುಂಬದ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಸೇವೆ. ಬೂಬಣ್ಣನ ಕುಟುಂಬವೆಂದರೆ ಬೂಬಣ್ಣ ಮಾತ್ರ. ದೈವದ ಕಲ್ಲಿದ್ದ ಜಾಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಅಡಿಯಲ್ಲಿ ಹೋಗಿದೆ. ಕಿನ್ನಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ತಂಬಿಲ ನಡೆದೇ ಇಲ್ಲ. ಗೋಡೆಯ ಈಚೆ ಮಲಗುವ ನನಗೆ ಅದು ಗೊತ್ತಿಲ್ಲವೇ? ಮುದುಕ ನಿಂತ ನಿಲುವಿನಲ್ಲಿ ಒಂದು ಸುಳ್ಳನ್ನು ಹೊಸೆದು ಹಗ್ಗ ಮಾಡಿ ಹಿತೇಶನ ಮುಂದೆ ಎಸೆದಿದ್ದರು. ಮುಳುಗುವವನಿಗೆ ಕೊಟ್ಟದ್ದೋ, ಕುತ್ತಿಗೆಗೆ ಬೀಳಲಿ ಎಂದು ಎಸೆದದ್ದೋ, ನನಗೆ ಇವತ್ತಿಗೂ ತಿಳಿಯದು.

ನಿರಪರಾಧಿಗೆ ಒಂದೇ ಮಾತು ಸಾಕಿತ್ತು. ಇಲ್ಲ, ನಾನು ಕೊಡಲಿಲ್ಲ.

ಹಿತೇಶ್ ಕಂಕುಳಲ್ಲಿದ್ದ ಗಂಟು ನೋಡಿದ. ಮುಮ್ತಾಝ್‌ರನ್ನು ನೋಡಿದ. ಬಾಗಿಲುಗಳಲ್ಲಿದ್ದ ಜನರನ್ನು ನೋಡಿದ. ಕೊನೆಗೆ ಬೂಬಣ್ಣನನ್ನು ನೋಡಿ ಕಣ್ಣು ತಗ್ಗಿಸಿದ.

"ಹೌದು" ಎಂದ. "ಕೊಟ್ಟಿದ್ದೆ. ಪಾಪ, ಪ್ರಾಯದವರು ಅಂತ ಕೊಟ್ಟೆ. ತಪ್ಪು ನನ್ನದೇ."

ನಡೆಯದ ತಂಬಿಲಕ್ಕೆ ಕೋವಿ ಕೊಟ್ಟೆನೆಂದು ಒಪ್ಪಿಕೊಂಡ. ಶೈಲೇಶನನ್ನು ಕೊಂದವನು ಯಾರು ಎನ್ನುವುದಕ್ಕೆ ನನಗೆ ಇನ್ನು ಲ್ಯಾಬು ಬೇಕಿರಲಿಲ್ಲ. ಆದರೆ ಆ ಅಂಗಳದಲ್ಲಿ ಅದು ಸುಳ್ಳೆಂದು ತಿಳಿದವರು ಮೂವರೇ. ಒಬ್ಬ ಹೇಳುವುದಿಲ್ಲ, ಇನ್ನೊಬ್ಬರು ಹೇಳಬಾರದೆಂದು ನಿಶ್ಚಯಿಸಿದ್ದಾರೆ.

ಬೂಬಣ್ಣ ತಾವೇ ನಡೆದು ಹೋಗಿ ಜೀಪಿನ ಹಿಂದೆ ಹತ್ತಿದರು. ಹಿತೇಶ್ ಕೈ ಹಿಡಿದು ಹತ್ತಿಸಿದ. ಮುಮ್ತಾಝ್ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ಬೆಂಕಿಯಂತೆ ಸುಡುತ್ತಿತ್ತು. ಇಷ್ಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಕುಶಲಕ್ಕ, ನೀವು ಹುಡುಕಿದ್ದು ಇವರನ್ನೇ ಅಲ್ವಾ? ಇವರೇ ಅಲ್ವಾ ಕೊಂದದ್ದು? ನನ್ನ ಮಗನನ್ನು ಇನ್ನು ಬಿಡ್ತಾರಲ್ಲ?"

ಜೀಪಿನ ಎಂಜಿನ್ ಶುರುವಾಗಿತ್ತು. ಹೊರಡಲಿಲ್ಲ. ಹಿತೇಶ್ ಮುಂದಿನ ಸೀಟಿನಿಂದ ಕತ್ತು ಹೊರಗೆ ಹಾಕಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ, ಕೋವಿಯ ಗಂಟಿನ ಪಕ್ಕದಲ್ಲಿ, ಬೂಬಣ್ಣ ಕೂತಿದ್ದರು. ಅಲ್ಲ ಎಂದರೆ ಅಫ್ರೋಝ್ ಒಳಗೇ ಉಳಿಯುತ್ತಾನೆ, ಬೂಬಣ್ಣ ಠಾಣೆಗೆ ಮುಟ್ಟುತ್ತಾರೋ ಇಲ್ಲವೋ ದೇವರೇ ಬಲ್ಲ. ಹೌದು ಎಂದರೆ ಕೊಲೆಗಾರನ ಜೀಪಿಗೆ ನಾನೇ ಬಾಗಿಲು ಹಾಕಿಕೊಟ್ಟ ಹಾಗೆ.

"ಹೌದು" ಎಂದೆ. "ಇವರೇ."

ಹಿತೇಶ್ ಡ್ರೈವರನಿಗೆ ಸನ್ನೆ ಮಾಡಿದ. ಜೀಪು ಮುಂದೆ ಹೋಗಿ, ಮಾರ್ಗಕ್ಕೆ ಬಂದು, ಠಾಣೆ ಇರುವ ಬಲಕ್ಕೆ ತಿರುಗದೆ ಎಡಕ್ಕೆ, ಹೊಳೆಯ ಕಡೆಗೆ ತಿರುಗಿತು.